ಬೀಚಿಗೆ ಬೀಚಿ ಬೇಡವೇ?



ಕಡಲ ದಂಡೆಯ ಊರಿನಲ್ಲಿ ಸಾಹಿತ್ಯದ ಹಬ್ಬ ನಡೆಯುತ್ತದೆ ಎನ್ನಿ. ಮುಂಜಾನೆ ಉದ್ಘಾಟನೆ, ಮಧ್ಯಾಹ್ನ ವಿಚಾರಗೋಷ್ಠಿ, ಸಂಜೆ ಕವಿಗೋಷ್ಠಿ. ಆಮಂತ್ರಣ ಪತ್ರಿಕೆಯಲ್ಲಿ ಎಲ್ಲರ ಹೆಸರೂ ದಪ್ಪ ಅಕ್ಷರದಲ್ಲಿ ಇರುತ್ತದೆ. ಕಟ್ಟಕಡೆಗೆ ಒಂದು ಸಣ್ಣ ಸಾಲು: 'ರಾತ್ರಿ ಹಾಸ್ಯ ಕಾರ್ಯಕ್ರಮ'. ಆ ಸಾಲಿನ ಹಿಂದಿರುವವನು ಬಯಲುಸೀಮೆಯಿಂದ ರಾತ್ರಿ ಬಸ್ಸು ಹತ್ತಿ ಘಟ್ಟ ಇಳಿದು ಬಂದವನು. ಶನಿವಾರ, ಭಾನುವಾರ ಎರಡು ದಿನ ಹೆಂಡತಿ ಮಕ್ಕಳನ್ನು ಬಿಟ್ಟು ಬಂದವನು. ಅವನು ಮೈಕಿನ ಮುಂದೆ ನಿಂತಾಗ ಬೆಳಗಿನಿಂದ ಖಾಲಿ ಇದ್ದ ಕುರ್ಚಿಗಳೆಲ್ಲ ತುಂಬುತ್ತವೆ. ಮರುದಿನದ ವರದಿಯಲ್ಲಿ ಮಾತ್ರ ಅವನಿಗೆ ಸಿಗುವುದು ಒಂದೇ ಮಾತು: 'ನಂತರ ಮನರಂಜನೆ ಇತ್ತು.'

ಕುರ್ಚಿ ಎಣಿಸಿ ಸಾಹಿತ್ಯ ಅಳೆಯಬಾರದು, ಒಪ್ಪೋಣ. ಆದರೆ ಜನ ನಕ್ಕ ಮಾತ್ರಕ್ಕೆ ಅದು ಸಾಹಿತ್ಯವಲ್ಲ ಎಂದು ತೀರ್ಪು ಕೊಟ್ಟವರು ಯಾರು?

ಇದನ್ನು ಬರೆಯುತ್ತಿರುವುದು ಕೂಡಲಸಂಗಮದಿಂದ. ಇಲ್ಲಿ ಓದಿ ಬೆಳೆದ ಬಸವಣ್ಣನವರು 12ನೇ ಶತಮಾನದಲ್ಲಿ ಕಲ್ಯಾಣಕ್ಕೆ ಹೋದರು. ಅಲ್ಲಿ ಶರಣರು ಆಡಿದ್ದು ಮನೆಯ ಮಾತು, ಬೀದಿಯ ಮಾತು. ದೋಣಿ ನಡೆಸುವ ಅಂಬಿಗರ ಚೌಡಯ್ಯನ ಬಾಯಿಗೆ ಸಿಕ್ಕಿಬಿದ್ದ ಡಾಂಭಿಕರ ಪಾಡು ವಚನ ಓದಿದವರಿಗೆಲ್ಲ ಗೊತ್ತು. ಆ ವ್ಯಂಗ್ಯವನ್ನು ಇವತ್ತು ನಾವು ಪಠ್ಯಪುಸ್ತಕದಲ್ಲಿ ಇಟ್ಟು ಪೂಜಿಸುತ್ತೇವೆ. ಅಂದಿನ ವ್ಯಂಗ್ಯ ಸಾಹಿತ್ಯ, ಇಂದಿನ ವ್ಯಂಗ್ಯ ಬರೀ ಟೈಂಪಾಸು! ಇದು ಯಾವ ನ್ಯಾಯ?

ಈಗ ಬೀಚಿಯವರನ್ನೇ ನೋಡಿ. 1913ರಲ್ಲಿ ಹರಪನಹಳ್ಳಿಯಲ್ಲಿ ಹುಟ್ಟಿದ ರಾಯಸಂ ಭೀಮಸೇನರಾಯರು ಪೊಲೀಸ್ ಇಲಾಖೆಯಲ್ಲಿ ನೌಕರರಾಗಿದ್ದವರು. ಮೊದಲು ಇಂಗ್ಲಿಷ್ ಪುಸ್ತಕಗಳ ಮೋಹದಲ್ಲಿದ್ದ ಅವರು ಅ.ನ.ಕೃ. ಅವರ 'ಸಂಧ್ಯಾರಾಗ' ಓದಿ ಕನ್ನಡಕ್ಕೆ ಒಲಿದ ಕಥೆ ಪ್ರಸಿದ್ಧ. ಕನ್ನಡ ಚಳವಳಿಗೆ ದನಿ ಕೊಟ್ಟ ಅದೇ ಅ.ನ.ಕೃ.! ಒಂದು ಕಾದಂಬರಿ ಒಬ್ಬ ಓದುಗನನ್ನು ಕನ್ನಡಕ್ಕೆ ತಂದಿತು. ಆ ಓದುಗ ತಿಂಮನನ್ನು ಸೃಷ್ಟಿಸಿ ಸಾವಿರಾರು ಓದುಗರನ್ನು ಕನ್ನಡಕ್ಕೆ ತಂದ. ಬೀಚಿ 1980ರಲ್ಲಿ ತೀರಿಕೊಂಡರು. ಅವರ ಹೆಸರನ್ನೇ ತಮ್ಮ ಹೆಸರಿಗೆ ಸೇರಿಸಿಕೊಂಡ ಗಂಗಾವತಿ ಪ್ರಾಣೇಶರು ತಮ್ಮ ಸೀಮೆಯ ಮಾತಿನಲ್ಲೇ ನಾಡಿನ ಉದ್ದಗಲಕ್ಕೂ, ಹೊರದೇಶದ ಕನ್ನಡ ಸಂಘಗಳಲ್ಲೂ ಜನರನ್ನು ನಗಿಸಿದ್ದಾರೆ. ಅರ್ಥವಾಗಲಿಲ್ಲ ಎಂದು ಯಾರೂ ಎದ್ದು ಹೋಗಲಿಲ್ಲ.

ನಮ್ಮ ತಕರಾರು ಇರುವುದು ಇಲ್ಲಿಯೇ. ಒಂದು ಭಾಷೆಯಲ್ಲಿ ನಗುವುದು ಬೇರೆ, ಆ ಭಾಷೆಯನ್ನು ನೋಡಿ ನಗುವುದು ಬೇರೆ. ಗಂಗಾವತಿಯ ಮಾತಿನಲ್ಲಿ ಗಂಗಾವತಿಯವನು ಹೇಳಿದ ಜೋಕಿಗೆ ಕರಾವಳಿಯ ಜನ ನಕ್ಕರೆ ಅದು ಕನ್ನಡದ ಒಗ್ಗಟ್ಟು. 'ಹೌದ್ರಿ' ಅಂದ ಕೂಡಲೇ, ಜೋಕು ಬರುವ ಮೊದಲೇ, ನಕ್ಕರೆ ಅದು ಅವಮಾನ. ನಮ್ಮ ಸಿನಿಮಾಗಳನ್ನು ನೆನಪಿಸಿಕೊಳ್ಳಿ. ನಾಯಕ ಬೆಂಗಳೂರು-ಮೈಸೂರಿನ ಕನ್ನಡ ಮಾತಾಡುತ್ತಾನೆ. ಹುಬ್ಬಳ್ಳಿ ಕನ್ನಡ ಬಾಗಿಲು ಕಾಯುವವನಿಗೆ, ಮಂಗಳೂರು ಕನ್ನಡ ಅಡುಗೆ ಭಟ್ಟನಿಗೆ! ಎಷ್ಟು ವರ್ಷ ಇದನ್ನು ನೋಡಿ ಚಪ್ಪಾಳೆ ತಟ್ಟಿದ್ದೇವೆ? ಬೇಂದ್ರೆಯವರ 'ನಾಕುತಂತಿ'ಗೆ 1973ರಲ್ಲಿ ಜ್ಞಾನಪೀಠ ಬಂತು. 2010ರ ಸಾಲಿನ ಜ್ಞಾನಪೀಠ ಚಂದ್ರಶೇಖರ ಕಂಬಾರರಿಗೆ ಬಂತು. ಜ್ಞಾನಪೀಠ ತಂದ ಭಾಷೆ ತೆರೆಯ ಮೇಲೆ ಬಾಗಿಲು ಕಾಯಬೇಕೇ?

ಬದಲಾವಣೆ ಬಂದಿಲ್ಲ ಎನ್ನುವಂತಿಲ್ಲ. 2017ರಲ್ಲಿ 'ಒಂದು ಮೊಟ್ಟೆಯ ಕಥೆ' ಮಂಗಳೂರು ಕನ್ನಡವನ್ನು ನಾಯಕನ ಬಾಯಿಗೆ ಕೊಟ್ಟಿತು. 2022ರಲ್ಲಿ 'ಕಾಂತಾರ' ಬಂದಾಗ ಕುಂದಾಪುರ ಸೀಮೆಯ ಮಾತನ್ನು ಇಳಕಲ್ಲಿನ ಜನರೂ ಕೇಳಿದರು, ಅತ್ತರು, ನಕ್ಕರು. ಕುಂದಾಪುರದವರು ಆಷಾಢ ಅಮಾವಾಸ್ಯೆಯಂದು ತಮ್ಮ ಮಾತಿಗಾಗಿಯೇ 'ವಿಶ್ವ ಕುಂದಾಪ್ರ ಕನ್ನಡ ದಿನ' ಆಚರಿಸುತ್ತಾರೆ. ಇನ್ನು ಯಕ್ಷಗಾನದಲ್ಲಿ ಹಾಸ್ಯಗಾರನಿಗೆ ಹಿಂದಿನಿಂದಲೂ ಸ್ವಂತ ಸ್ಥಾನವಿದೆ. ಅವನಿಲ್ಲದೆ ಮೇಳವೇ ಪೂರ್ತಿಯಾಗದು. ಇಷ್ಟು ತಿಳಿದ ಕರಾವಳಿ, ಸಾಹಿತ್ಯದ ಹಬ್ಬಕ್ಕೆ ಬಂದ ನಗೆಗಾರನನ್ನು ಮಾತ್ರ ಕೊನೆಯ ಪಂಕ್ತಿಯಲ್ಲಿ ಕೂರಿಸುವುದು ಸರಿಯೇ? ಬೀಚಿನ ಊರಿಗೆ ಬೀಚಿ ಬೇಡವಾದರೇ?

ಪಕ್ಕದ ಕೇರಳದ ಕಡೆ ಸ್ವಲ್ಪ ನೋಡಿ. ಕೋಯಿಕ್ಕೋಡ್ ಕಡಲತೀರದಲ್ಲಿ 2016ರಿಂದ ಸಾಹಿತ್ಯೋತ್ಸವ ನಡೆಯುತ್ತಿದೆ. ಹೊರದೇಶದ ಲೇಖಕರೂ ಬರುತ್ತಾರೆ, ಇಂಗ್ಲಿಷೂ ಇರುತ್ತದೆ. ಆದರೆ ಮಲಯಾಳ ಅಲ್ಲಿ ಮೂಲೆಗೆ ಸರಿಯುವುದಿಲ್ಲ. ಕೇರಳದವರನ್ನು ಕಂಡು ಹೊಟ್ಟೆಕಿಚ್ಚು ಪಡಬೇಕಿಲ್ಲ, ಕಲಿಯಬೇಕು. ಅದೇ ಕೇರಳದಲ್ಲಿ ಹುಟ್ಟಿದ ನಾ. ಕಸ್ತೂರಿಯವರು ಮೈಸೂರಿಗೆ ಪಾಠ ಹೇಳಲು ಬಂದರು. ಕನ್ನಡ ಕಲಿತರು. ಬರೀ ಅಂಗಡಿ ವ್ಯವಹಾರಕ್ಕಾಗುವಷ್ಟು ಅಲ್ಲ, ಕನ್ನಡಿಗರನ್ನೇ ನಗಿಸುವಷ್ಟು ಕಲಿತು 'ಅನರ್ಥಕೋಶ' ಬರೆದರು. ರಾಶಿಯವರು 1942ರಲ್ಲಿ ಆರಂಭಿಸಿದ 'ಕೊರವಂಜಿ'ಯ ಬಳಗದಲ್ಲಿ ಒಬ್ಬರಾದರು. ಬೆಂಗಳೂರಿಗೆ ಬಂದವರಿಗೆ ಕನ್ನಡ ಕಲಿಯುವುದು ಕಷ್ಟ ಎನ್ನುವವರಿಗೆ ಕಸ್ತೂರಿಯವರ ಹೆಸರು ಹೇಳಿ. ಒಂದು ಭಾಷೆಯಲ್ಲಿ ನಗಿಸಬಲ್ಲವನು ಆ ಭಾಷೆಯ ಮನೆಮಗ.

ತರುಣರೇ, ಈಗ ನಿಮ್ಮ ಸರದಿ. ಬೆಂಗಳೂರಿನ ಹೋಟೆಲು, ಕ್ಲಬ್ಬುಗಳಲ್ಲಿ ಇಂಗ್ಲಿಷ್, ಹಿಂದಿ ಹಾಸ್ಯಕ್ಕೆ ನೂರಾರು ರೂಪಾಯಿ ಟಿಕೆಟ್ ತೆಗೆದುಕೊಳ್ಳುತ್ತೀರಿ. ತಪ್ಪೇನಿಲ್ಲ. ಕನ್ನಡದ ನಗೆಗಾರನಿಗೆ ಮಾತ್ರ ಪುಕ್ಕಟೆ ಪಾಸು ಕೇಳುವುದೇಕೆ? ಅವನಿಗೂ ಹೊಟ್ಟೆ ಇದೆ. ಶಾಲು, ಹಾರ, ಹಣ್ಣಿನ ಬುಟ್ಟಿಯಿಂದ ಮನೆ ನಡೆಯುವುದಿಲ್ಲ.

ಸಾಹಿತ್ಯದ ಹಬ್ಬ ಮಾಡುವವರಿಗೆ ನಮ್ಮ ಬೇಡಿಕೆ ಮೂರೇ. ಒಂದು, ನಗೆಗಾರನ ಹೆಸರನ್ನು ಕವಿಯ ಹೆಸರಿನ ಅಳತೆಯಲ್ಲೇ ಅಚ್ಚು ಹಾಕಿ. ಎರಡು, ಗೌರವಧನವನ್ನು ಮೊದಲೇ ಮಾತಾಡಿ, ಕಾರ್ಯಕ್ರಮ ಮುಗಿದ ದಿನವೇ ಕೊಡಿ. ಮೂರು, ಹಾಸ್ಯದ ಬಗ್ಗೆ ಹಗಲಿನಲ್ಲಿ ಒಂದು ಗೋಷ್ಠಿ ಇಡಿ. ಕೈಲಾಸಂ, ರಾಶಿ, ಬೀಚಿ ಏನು ಬರೆದರು ಎಂದು ಹುಡುಗರಿಗೆ ಗೊತ್ತಾಗಲಿ.

ನಗೆಗಾರರಿಗೂ ಒಂದು ಮಾತು ಹೇಳಲೇಬೇಕು. ಹೆಂಡತಿಯ ಮೇಲೆ, ದಪ್ಪಗಿದ್ದವರ ಮೇಲೆ, ಕಪ್ಪಗಿದ್ದವರ ಮೇಲೆ ಹಳಸಲು ಜೋಕು ಎಷ್ಟು ದಿನ? ಚೌಡಯ್ಯ ಬೈದದ್ದು ಮೇಲೆ ಕೂತವರನ್ನು. ಲಂಚಕೋರರನ್ನು ರಂಗದ ಮೇಲೆ ಬೆತ್ತಲು ಮಾಡಿದ ಮಾಸ್ಟರ್ ಹಿರಣ್ಣಯ್ಯನವರ 'ಲಂಚಾವತಾರ'ವನ್ನು ನೆನೆಯಿರಿ. ದೊಡ್ಡವರನ್ನು ಕಂಡು ನಗುವ ಧೈರ್ಯ ಇಲ್ಲದ ಹಾಸ್ಯಕ್ಕೆ ನಾವೂ ವಕಾಲತ್ತು ಮಾಡಲಾರೆವು.

ಕೂಡಲಸಂಗಮದಲ್ಲಿ ಕೂಡುವ ಎರಡೂ ನದಿಗಳು ಹುಟ್ಟಿದ್ದು ಪಡುವಣ ಕಡಲಿಗೆ ಹತ್ತಿರದ ಸಹ್ಯಾದ್ರಿಯಲ್ಲಿ. ಕೃಷ್ಣೆ ಮಹಾಬಳೇಶ್ವರದಲ್ಲಿ, ಮಲಪ್ರಭೆ ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ. ಅಲ್ಲಿಂದ ನೀರು ಬಯಲುಸೀಮೆಗೆ ಹರಿದು ಬರುತ್ತದೆ. ಮಾತೂ ಹಾಗೆ ಬರಲಿ. ನಮ್ಮ ನಗೆಗಾರ ಕಡಲಿಗೆ ಹೋಗುವಂತೆ ಕರಾವಳಿಯ ನಗೆಗಾರ ಹುನಗುಂದಕ್ಕೆ, ಇಳಕಲ್ಲಿಗೆ, ಬಾದಾಮಿಯ ಚಾಲುಕ್ಯ ಉತ್ಸವಕ್ಕೆ ಬರಲಿ. 'ಹ್ವಾಯ್' ಎಂದು ಅವನು ಕೂಗಲಿ, 'ಏನ್ರಿ' ಎಂದು ನಾವು ಓಗೊಡೋಣ. ಮುಂದಿನ ರಾಜ್ಯೋತ್ಸವಕ್ಕೆ ನಿಮ್ಮ ಕಾಲೇಜಿನಲ್ಲಿ, ನಿಮ್ಮ ಬಡಾವಣೆಯಲ್ಲಿ ಆರ್ಕೆಸ್ಟ್ರಾ ಕರೆಸುವ ಮೊದಲು ಒಂದು ನಗೆ ಸಂಜೆ ಮಾಡಿ. ವೇದಿಕೆ ಹತ್ತುವ ಹುಡುಗ, ಹುಡುಗಿಗೆ ಒಂದೇ ಷರತ್ತು ಹಾಕಿ: ನಿನ್ನ ಊರಿನ ಕನ್ನಡದಲ್ಲೇ ಮಾತಾಡು, ನಾಚಬೇಡ!