ಪಟ್ಟ ಕೊಟ್ಟದ್ದು ಮದುವೆ, ಹೆಸರು ಕೊಟ್ಟದ್ದು ಕೆಲಸ

ಭೂತನಾಳದ ಹುಡುಗಿಯೊಬ್ಬಳು ತನ್ನ ನೋಟುಪುಸ್ತಕಕ್ಕೆ ಹಾಕಿದ ಹೊದಿಕೆಯ ಮೇಲೆ ಮೈಸೂರು ಅರಮನೆಯ ಮದುವೆಯ ಚಿತ್ರವಿತ್ತು. 2016ರ ಜೂನ್ 27ರಂದು ರಾಜಸ್ಥಾನದ ಡುಂಗರಪುರ ರಾಜಮನೆತನದ ತ್ರಿಷಿಕಾ ಕುಮಾರಿ ಅವರು ಯದುವೀರ ಕೃಷ್ಣದತ್ತ ಚಾಮರಾಜ ಒಡೆಯರ್ ಅವರನ್ನು ವರಿಸಿದ ದಿನದ ಚಿತ್ರ ಅದು. ಹುಡುಗಿ ಕೇಳಿದಳು: "ರಾಣಿ ಆಗಬೇಕಂದ್ರ ಲಗ್ನ ಆದ್ರ ಸಾಕೇನ್ರಿ ಸರ? ಆಮ್ಯಾಲ ಏನ್ ಕೆಲಸ ಇರ್ತೈತಿ?"

ಪಕ್ಕದಲ್ಲಿದ್ದ ಆಕೆಯ ತಂದೆ ನಕ್ಕು, "ಕೊಟ್ಟ ಮನೀಗೆ ಹೋಗೂ ಹುಡುಗಿಗೆ ಮತ್ತೇನ್ ಕೆಲಸ್ರಿ, ಮನೀ ಕೆಲಸ" ಎಂದರು. ಮಗಳ ಪ್ರಶ್ನೆ ದೊಡ್ಡದು, ತಂದೆಯ ಉತ್ತರ ಸಣ್ಣದು ಎಂದು ನನಗೆ ಅನ್ನಿಸಿತು. ಆ ಪ್ರಶ್ನೆಗೆ ಸರಿಯಾದ ಉತ್ತರ ಹುಡುಕುವುದೇ ಈ ವಾರದ ನಮ್ಮ ಮಾತು.

ಮೊದಲು ಒಂದು ವಿಷಯ ಸ್ಪಷ್ಟವಾಗಲಿ. ನಮ್ಮ ದೇಶದಲ್ಲಿ ಇಂದು ಕಾನೂನಿನ ಲೆಕ್ಕದಲ್ಲಿ ರಾಜನೂ ಇಲ್ಲ, ರಾಣಿಯೂ ಇಲ್ಲ. 1971ರಲ್ಲಿ ಸಂವಿಧಾನಕ್ಕೆ ತಂದ 26ನೆಯ ತಿದ್ದುಪಡಿ ಅರಸು ಮನೆತನಗಳ ಮಾನ್ಯತೆಯನ್ನೂ ರಾಜಧನವನ್ನೂ ರದ್ದುಮಾಡಿತು. ಅರಮನೆಯ ಸೊಸೆಗೆ ಇಂದು ಅಧಿಕಾರವಿಲ್ಲ. ಜನ ತಾವಾಗಿ ಕೊಡುವ ಗೌರವ ಮಾತ್ರ ಉಂಟು. ಆ ಗೌರವ ಮದುವೆಯ ದಿನ ತಾನಾಗಿ ಬರುತ್ತದೆ. ಅದು ಉಳಿಯಬೇಕಾದರೆ ಮಾತ್ರ ದುಡಿಯಬೇಕು. ಅಧಿಕಾರವಿದ್ದ ಕಾಲದಲ್ಲಿಯೂ ಈ ಮಾತು ಸುಳ್ಳಾಗಿರಲಿಲ್ಲ.

ಇದಕ್ಕೆ ನಮ್ಮ ನಾಡಿನ ದೊಡ್ಡ ಸಾಕ್ಷಿ ಮೈಸೂರಿನ ಮಹಾರಾಣಿ ಕೆಂಪನಂಜಮ್ಮಣ್ಣಿ. ವಾಣಿವಿಲಾಸ ಸನ್ನಿಧಾನ ಎಂಬ ಬಿರುದಿನಿಂದ ಪ್ರಸಿದ್ಧರು. 1866ರಲ್ಲಿ ಹುಟ್ಟಿದ ಅವರು 1878ರಲ್ಲಿ ಹತ್ತನೆಯ ಚಾಮರಾಜ ಒಡೆಯರ ಕೈಹಿಡಿದರು. ಆಗ ಅವರಿಗೆ ಬರೀ ಹನ್ನೆರಡು ವರ್ಷ. ಇಂದಾಗಿದ್ದರೆ ಆರನೆಯದೋ ಏಳನೆಯದೋ ತರಗತಿಯಲ್ಲಿ ಕೂತಿರಬೇಕಾದ ವಯಸ್ಸು.

1894ರ ಡಿಸೆಂಬರ್ 28ರಂದು ಮಹಾರಾಜರು ದೂರದ ಕಲ್ಕತ್ತೆಯಲ್ಲಿ ಗಂಟಲುಮಾರಿಗೆ ತುತ್ತಾಗಿ ತೀರಿಕೊಂಡರು. ರಾಣಿಗೆ ಇಪ್ಪತ್ತೆಂಟು ವರ್ಷ. ಪಟ್ಟಕ್ಕೆ ಬರಬೇಕಾದ ಮಗ ಕೃಷ್ಣರಾಜನಿಗೆ ಹತ್ತು. ಗಂಡ ಸತ್ತವಳು ಮೂಲೆ ಹಿಡಿದು ಕೂರಬೇಕು ಎಂದು ಸಮಾಜ ಹೇಳುತ್ತಿದ್ದ ಕಾಲ ಅದು. ಆದರೆ 1895ರಿಂದ 1902ರ ಆಗಸ್ಟ್ 8ರವರೆಗೆ ಮೈಸೂರು ಸಂಸ್ಥಾನದ ರಾಜಪ್ರತಿನಿಧಿಯಾಗಿ ಆಡಳಿತದ ಹೊಣೆ ಹೊತ್ತವರು ಆ ತಾಯಿಯೇ.

ಆ ಏಳು ವರ್ಷಗಳೇನೂ ಹೂವಿನ ಹಾಸಿಗೆಯಾಗಿರಲಿಲ್ಲ. 1897ರಲ್ಲಿ ಮಗಳು ಜಯಲಕ್ಷ್ಮಮ್ಮಣ್ಣಿಯ ಮದುವೆಯ ಸಂದರ್ಭದಲ್ಲಿಯೇ ಮೈಸೂರಿನ ಮರದ ಅರಮನೆಗೆ ಬೆಂಕಿ ಬಿತ್ತು. ಮರುವರ್ಷ ಬೆಂಗಳೂರು, ಮೈಸೂರುಗಳಿಗೆ ಪ್ಲೇಗು ಹಬ್ಬಿತು. ಜನ ಮನೆಮಠ ಬಿಟ್ಟು ಬಯಲಿಗೆ ಓಡಿದರು. ಬೆಂಗಳೂರಿನ ಮಲ್ಲೇಶ್ವರ, ಬಸವನಗುಡಿಗಳು ಗಾಳಿ ಬೆಳಕಿನ ಬಡಾವಣೆಗಳಾಗಿ ಬೆಳೆದದ್ದು ಆ ಕಷ್ಟದ ದಿನಗಳಲ್ಲಿಯೇ. ವಿಕ್ಟೋರಿಯಾ ಆಸ್ಪತ್ರೆಗೆ 1897ರಲ್ಲಿ ಅಡಿಗಲ್ಲು ಇಟ್ಟವರು ಈ ಮಹಾರಾಣಿ. ಹಿರಿಯೂರಿನ ಬಳಿ ವೇದಾವತಿ ನದಿಗೆ ಅಡ್ಡಲಾಗಿ ಮಾರಿಕಣಿವೆಯ ಅಣೆಕಟ್ಟಿನ ಕೆಲಸ ಶುರುವಾದದ್ದು 1898ರಲ್ಲಿ. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಸುಮಾರು 92 ಮೈಲಿ ದೂರದ ಕೋಲಾರದ ಚಿನ್ನದ ಗಣಿಗೆ ಹರಿಯಿತು.

ಇವೆಲ್ಲವನ್ನೂ ಅವರೊಬ್ಬರೇ ಮಾಡಿದರು ಎಂದರೆ ತಪ್ಪಾಗುತ್ತದೆ. ಜೊತೆಗೆ ದಿವಾನ್ ಶೇಷಾದ್ರಿ ಅಯ್ಯರ್ ಅವರಂಥ ಸಮರ್ಥರಿದ್ದರು, ಇಂಜಿನಿಯರುಗಳಿದ್ದರು. ಆದರೆ ಬಲ್ಲವರ ಮಾತು ಕೇಳುವುದು, ತೂಗಿ ನೋಡುವುದು, ಆಮೇಲೆ ಹೊಣೆ ಹೊರುವುದು ಸಣ್ಣ ವಿದ್ಯೆಯಲ್ಲ. ಹದಿನೆಂಟು ತುಂಬಿದ ಮಗನಿಗೆ ರಾಜ್ಯವನ್ನು ಒಪ್ಪಿಸಿ ಅವರು ಹಿಂದೆ ಸರಿದರು. ಆ ಮಗನೇ ನಾಲ್ವಡಿ ಕೃಷ್ಣರಾಜ ಒಡೆಯರು. ಮಾರಿಕಣಿವೆಗೆ ಇಂದಿಗೂ ವಾಣಿವಿಲಾಸ ಸಾಗರವೆಂದೇ ಹೆಸರು. 1933ರಲ್ಲಿ ಕೋಡಿ ಬಿದ್ದ ಆ ಕೆರೆ ಮತ್ತೆ ತುಂಬಿ ಹರಿದದ್ದು 2022ರಲ್ಲಿ. ಅಂದು ಬಾಗಿನ ಹಿಡಿದು ನಿಂತವರ ಬಾಯಲ್ಲಿ ಆ ತಾಯಿಯ ಹೆಸರಿತ್ತು.

ಅದೆಲ್ಲ ಆಳುವ ಅಧಿಕಾರ ಇದ್ದವರ ಮಾತಾಯಿತು, ಅಧಿಕಾರವೇ ಇಲ್ಲದ ರಾಜಕುವರಿ ಏನು ಮಾಡಿಯಾಳು ಎಂದು ನೀವು ಕೇಳಬಹುದು. ಇಂಗ್ಲೆಂಡಿನ ಡಯಾನಾ ಅವರನ್ನು ನೆನೆಯಿರಿ. 1981ರಲ್ಲಿ ರಾಜಕುಮಾರ ಚಾರ್ಲ್ಸರನ್ನು ಮದುವೆಯಾದ ಆಕೆ ಶಾಲೆಯ ಪರೀಕ್ಷೆಯಲ್ಲಿ ಎರಡು ಬಾರಿ ಫೇಲಾದವರು. (ಅಂಕ ಕಡಿಮೆ ಬಂತೆಂದು ಮಂಕಾಗಿ ಕೂತ ಮಕ್ಕಳು ಗಮನಿಸಿ!) ಏಡ್ಸ್ ರೋಗಿಯನ್ನು ಮುಟ್ಟಿದರೆ ರೋಗ ಬರುತ್ತದೆಂದು ಲೋಕವೇ ಹೆದರಿದ್ದ 1987ರಲ್ಲಿ ಅವರು ಲಂಡನ್ನಿನ ಆಸ್ಪತ್ರೆಯೊಂದರಲ್ಲಿ ಕೈಗವಸು ಇಲ್ಲದೆ ರೋಗಿಯ ಕೈ ಕುಲುಕಿದರು. 1996ರಲ್ಲಿ ವಿಚ್ಛೇದನವಾಯಿತು. 1997ರ ಜನವರಿಯಲ್ಲಿ ಅವರು ಅಂಗೋಲಾದಲ್ಲಿ ನೆಲಬಾಂಬು ಹೂತಿದ್ದ ಜಾಗದಲ್ಲಿ ರಕ್ಷಾಕವಚ ತೊಟ್ಟು ನಡೆದರು. ಅದೇ ವರ್ಷದ ಆಗಸ್ಟ್ 31ರಂದು ಅಪಘಾತದಲ್ಲಿ ತೀರಿಕೊಂಡರು. ಡಿಸೆಂಬರಿನಲ್ಲಿ ನೆಲಬಾಂಬು ನಿಷೇಧದ ಒಪ್ಪಂದಕ್ಕೆ ಅನೇಕ ರಾಷ್ಟ್ರಗಳು ಸಹಿ ಹಾಕಿದವು. ಮದುವೆ ಮುರಿದರೂ ಕೆಲಸ ಮುರಿಯಲಿಲ್ಲ.

ಮೈಸೂರು, ಲಂಡನ್ ಯಾಕೆ, ನಮ್ಮ ವಿಜಯಪುರದ್ದೇ ಕಥೆ ಇಲ್ಲವೇ? ಚಾಂದಬೀಬಿ ಅಹಮದನಗರದ ಹುಸೇನ್ ನಿಜಾಮಶಾಹನ ಮಗಳು. ಸುಲ್ತಾನರು ಒಂದಾಗಿ ವಿಜಯನಗರದ ಮೇಲೆ ಯುದ್ಧಕ್ಕೆ ಹೊರಡುವ ಮುನ್ನ ಆಕೆಯನ್ನು ಒಂದನೆಯ ಅಲಿ ಆದಿಲಶಾಹನಿಗೆ ಮದುವೆ ಮಾಡಿಕೊಟ್ಟರು. ದೊಡ್ಡವರ ಒಪ್ಪಂದಕ್ಕೆ ಹುಡುಗಿಯೇ ಮುದ್ರೆ! ಆದರೆ ಆಕೆ ಮುದ್ರೆಯಾಗಿ ಉಳಿಯಲಿಲ್ಲ. ಕನ್ನಡ, ಮರಾಠಿ, ಪಾರ್ಸಿ, ಅರಬ್ಬಿ, ತುರ್ಕಿ ಭಾಷೆಗಳನ್ನು ಬಲ್ಲವಳೆಂದು ಆಕೆಯನ್ನು ಹೊಗಳುತ್ತಾರೆ. 1580ರಲ್ಲಿ ಗಂಡ ಕೊಲೆಯಾದಾಗ ಒಂಬತ್ತು ವರ್ಷದ ಎರಡನೆಯ ಇಬ್ರಾಹಿಮನ ಪರವಾಗಿ ನಿಂತಳು. ಅವನು ಹೆತ್ತ ಮಗನಲ್ಲ, ಗಂಡನ ತಮ್ಮನ ಮಗ. ಅಧಿಕಾರದಾಸೆಯ ಸರದಾರನೊಬ್ಬ ಆಕೆಯನ್ನು ಸಾತಾರದ ಕೋಟೆಯಲ್ಲಿ ಸೆರೆಯಿಟ್ಟ. ಬಿಡುಗಡೆಯಾಗಿ ಬಂದು ಮತ್ತೆ ಹೊಣೆ ಹೊತ್ತಳು. ಮುಂದೆ ತವರಿಗೆ ಮೊಗಲರ ಮುತ್ತಿಗೆ ಬಂದಾಗ ಅಹಮದನಗರದ ಕೋಟೆಯನ್ನು ಕಾದಳು. 1579ರಲ್ಲಿ ಗಂಡ ಕಟ್ಟಿಸಿದ ಚಾಂದ ಬಾವಡಿ ಇಂದಿಗೂ ಆಕೆಯ ಹೆಸರು ಹೊತ್ತು ನಮ್ಮ ಊರಲ್ಲಿದೆ.

ನೀರಿನ ಬೆಲೆ ಭೂತನಾಳದವರಿಗೆ ಯಾರೂ ಹೇಳಿಕೊಡಬೇಕಿಲ್ಲ. ನಗರಕ್ಕೆ ಕುಡಿಯುವ ನೀರು ಕೊಟ್ಟ ಕೆರೆಯ ದಂಡೆಯವರು ನೀವು. ವಾಣಿವಿಲಾಸ ಸಾಗರ, ಚಾಂದ ಬಾವಡಿ! ಎರಡು ಮನೆತನಗಳ ಸೊಸೆಯಂದಿರ ಹೆಸರು ನೀರಿನ ಮೇಲೆ ಉಳಿಯಿತು. ನೀರಿನ ಮೇಲೆ ಬರೆದದ್ದು ಅಳಿಸಿಹೋಗುತ್ತದೆ ಅನ್ನುವ ಮಾತು ಇಲ್ಲಿ ಸುಳ್ಳಾಯಿತು ನೋಡಿ.

ಇನ್ನು ಪಾಲಕರಿಗೆ ಒಂದು ಮಾತು. ನಮ್ಮ ಮನೆಗಳಿಗೂ ಇದಕ್ಕೂ ಏನು ಸಂಬಂಧ ಅನ್ನಬೇಡಿ. ಅರಮನೆಯ ಪಟ್ಟ ಹೋಯಿತು, ಪಂಚಾಯ್ತಿಯ ಕುರ್ಚಿ ಬಂತು. ಕರ್ನಾಟಕದ ಪಂಚಾಯ್ತಿಗಳಲ್ಲಿ ಅರ್ಧದಷ್ಟು ಸ್ಥಾನ ಮಹಿಳೆಯರಿಗೆ ಮೀಸಲು. ಟಿಕೋಟ, ಬಬಲೇಶ್ವರ ಕಡೆಯ ಯಾವ ಹಳ್ಳಿಯನ್ನೇ ನೋಡಿ, ಹಾಗೆ ಆರಿಸಿ ಬರುವವರಲ್ಲಿ ಮದುವೆಯಾಗಿ ಬಂದ ಸೊಸೆಯಂದಿರೂ ಇದ್ದೇ ಇರುತ್ತಾರೆ. ಆಕೆ ಲೆಕ್ಕ ಓದಬಲ್ಲವಳಾದರೆ ಊರಿನ ಹೊಣೆ ಹೊರುತ್ತಾಳೆ. ಓದು ಅರ್ಧಕ್ಕೇ ನಿಂತವಳಾದರೆ ಕುರ್ಚಿ ಆಕೆಯದು, ದರ್ಬಾರು ಗಂಡನದು. ಅಧ್ಯಕ್ಷೆಯ ಸಹಿ ಎಲ್ಲಿ ಬೀಳಬೇಕೆಂದು ಗಂಡನೇ ಬೆರಳಿಟ್ಟು ತೋರಿಸುವ ದೃಶ್ಯ ನಿಮಗೆ ಹೊಸತೇ?

ಕಾನೂನು ಮಗಳ ಮದುವೆಗೆ ಹದಿನೆಂಟು ತುಂಬಲಿ ಅನ್ನುತ್ತದೆ. ಹದಿನೆಂಟು ಎಂಬುದು ಕಾಯುವ ಲೆಕ್ಕವಲ್ಲ, ಕಲಿಸುವ ಲೆಕ್ಕ. ಕೆಂಪನಂಜಮ್ಮಣ್ಣಿಯವರಿಗೆ ಹನ್ನೆರಡರಲ್ಲಿ ಮದುವೆಯಾದರೂ ಅರಮನೆಯ ಆಸರೆ ಇತ್ತು, ದಿವಾನರಿದ್ದರು. ನಿಮ್ಮ ಮಗಳಿಗೆ ದಿವಾನರು ಯಾರಿದ್ದಾರೆ? ಆಕೆಯ ಓದೇ ಆಕೆಯ ದಿವಾನ. ಹೊಣೆ ಹೇಳಿ ಕೇಳಿ ಬರುವುದಿಲ್ಲ. ಕಲ್ಕತ್ತೆಯಿಂದ ಅಂಥ ಸುದ್ದಿ ಬರುತ್ತದೆಂದು ಆ ರಾಣಿಗೂ ಮೊದಲೇ ಗೊತ್ತಿರಲಿಲ್ಲ.

ದೂರ ಹೋಗಬೇಕಿಲ್ಲ. ನಮ್ಮ ಜಿಲ್ಲೆಯದೇ ತೊರವಿಯಲ್ಲಿ ಅಕ್ಕಮಹಾದೇವಿಯ ಹೆಸರಿನ ಮಹಿಳಾ ವಿಶ್ವವಿದ್ಯಾಲಯವಿದೆ. ಮಗಳ ಲಗ್ನಕ್ಕೆ ಎಂದು ಕೂಡಿಡುವ ಹಣದಲ್ಲಿ ಒಂದು ಪಾಲನ್ನು ಅಲ್ಲಿಯವರೆಗಿನ ದಾರಿಗೆಂದು ತೆಗೆದಿಡಿ.

ಆ ಹುಡುಗಿಗೆ ನಾನು ಹೇಳಿದ್ದು ಇಷ್ಟೇ: "ಲಗ್ನ ಆದ್ರ ರಾಣಿ ಅನ್ನಿಸ್ಕೋಬಹುದವ್ವಾ. ಆಗಬೇಕಂದ್ರ ಕೆಲಸ ಮಾಡಬೇಕು. ಕೆಲಸ ಮಾಡಬೇಕಂದ್ರ ಕಲೀಬೇಕು." ತಂದೆ ಈ ಸಲ ನಗಲಿಲ್ಲ. ಮಗಳ ನೋಟುಪುಸ್ತಕ ತೆಗೆದುಕೊಂಡು, ಹೊದಿಕೆಯ ಚಿತ್ರ ಬಿಟ್ಟು, ಒಳಗಿನ ಪುಟ ತಿರುವಿ ನೋಡತೊಡಗಿದರು.