ಸಾಲ ತೀರಿತು, ಮನೆಯ ಪತ್ರ ಎಲ್ಲಿ?

ಮಾಜಿವಾಡಾ ನಾಕಾದಿಂದ ಘೋಡ್‌ಬಂದರ್ ರಸ್ತೆಯ ಉದ್ದಕ್ಕೂ ಎದ್ದು ನಿಂತಿರುವ ಕಟ್ಟಡಗಳಲ್ಲಿ ತುಳು-ಕನ್ನಡಿಗರ ಮನೆಗಳು ಕಡಿಮೆಯೇನಲ್ಲ. ಮುಂಬಯಿಯ ಚಾಳಿನ ಕೋಣೆಗಳನ್ನು ಬಿಟ್ಟು ಥಾಣೆಗೆ ಬಂದವರು ಬ್ಯಾಂಕ್ ಸಾಲ ಮಾಡಿ ಫ್ಲ್ಯಾಟ್ ಕೊಂಡರು. 2004-05ರ ಸುಮಾರಿಗೆ 20 ವರ್ಷಗಳ ಅವಧಿಗೆ ತೆಗೆದ ಸಾಲಗಳ ಕಂತು ಈಗ ಮುಗಿದಿವೆ. ಕೊನೆಯ ಕಂತು ಕಟ್ಟಿದ ದಿನ ದೇವರಿಗೆ ದೀಪ ಹಚ್ಚಿ ಸಿಹಿ ಹಂಚುವುದು ಸಹಜವೇ. ಆದರೆ ಅಂದು ತೀರಿದ್ದು ಸಾಲ ಮಾತ್ರ. ಮನೆಯ ಮೇಲಿನ ಅಡಮಾನ ತನ್ನಿಂದ ತಾನೇ ದಾಖಲೆಗಳಿಂದ ಇಳಿದು ಹೋಗುವುದಿಲ್ಲ ಎಂಬುದನ್ನು ಅನೇಕರು ತಿಳಿಯುವುದು ಮನೆ ಮಾರಲು ಹೊರಟಾಗ, ಇಲ್ಲವೇ ಕಟ್ಟಡ ಪುನರ್‌ನಿರ್ಮಾಣಕ್ಕೆ ಹೋದಾಗ.

ಈ ಭಾಗದ ಗೃಹಸಾಲಗಳು ಹೆಚ್ಚಾಗಿ ಮೂಲ ಪತ್ರಗಳನ್ನು ಬ್ಯಾಂಕಿನಲ್ಲಿ ಒತ್ತೆ ಇಟ್ಟು ಪಡೆದವು. ಬಿಲ್ಡರನೊಡನೆ ಮಾಡಿದ ನೋಂದಾಯಿತ ಕರಾರು, ನೋಂದಣಿ ರಸೀದಿ, ಸೊಸೈಟಿಯ ಷೇರು ಸರ್ಟಿಫಿಕೇಟ್, ಹಳೆಯ ಫ್ಲ್ಯಾಟ್ ಆಗಿದ್ದರೆ ಹಿಂದಿನ ಮಾಲಕರ ಕರಾರುಗಳೂ ಅದರಲ್ಲಿ ಸೇರಿರುತ್ತವೆ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 60ನೇ ಕಲಮಿನಂತೆ ಸಾಲ ತೀರಿಸಿದವನಿಗೆ ಆ ಪತ್ರಗಳನ್ನು ಹಿಂದಕ್ಕೆ ಕೇಳಿ ಪಡೆಯುವ ಹಕ್ಕಿದೆ. ಇದು ಬ್ಯಾಂಕ್ ಮಾಡುವ ಉಪಕಾರವಲ್ಲ.

ಹಕ್ಕು ಹಳೆಯದಾದರೂ ಅದಕ್ಕೆ ಗಡುವು ಬಂದದ್ದು ತೀರಾ ಇತ್ತೀಚೆಗೆ. 2023ರ ಸೆಪ್ಟೆಂಬರ್ 13ರಂದು ರಿಸರ್ವ್ ಬ್ಯಾಂಕ್ ಹೊರಡಿಸಿದ ಸುತ್ತೋಲೆ ಆ ವರ್ಷದ ಡಿಸೆಂಬರ್ 1ರಿಂದ ಜಾರಿಗೆ ಬಂತು. ಸಾಲ ಪೂರ್ತಿ ತೀರಿದ 30 ದಿನಗಳೊಳಗೆ ಎಲ್ಲ ಮೂಲ ಪತ್ರಗಳನ್ನು ಮರಳಿಸಬೇಕು, ನೋಂದಣಿಯಲ್ಲಿರುವ ಋಣಭಾರವನ್ನೂ ತೆಗೆಸಬೇಕು. ಬ್ಯಾಂಕಿನ ಕಾರಣದಿಂದ ತಡವಾದರೆ ದಿನಕ್ಕೆ 5,000 ರೂ.ನಂತೆ ಸಾಲಗಾರನಿಗೆ ಪರಿಹಾರ ಕೊಡಬೇಕು. ಪತ್ರ ಕಳೆದು ಹೋಗಿದ್ದರೆ ದೃಢೀಕೃತ ನಕಲು ತೆಗೆಸಿಕೊಡಲು ಇನ್ನೂ 30 ದಿನಗಳ ಅವಕಾಶವಿದೆ, ಖರ್ಚು ಬ್ಯಾಂಕಿನದ್ದೇ.

ಇಷ್ಟು ಓದಿ ನಿಶ್ಚಿಂತರಾಗುವಂತಿಲ್ಲ. ಸುತ್ತೋಲೆ ವೈಯಕ್ತಿಕ ಸಾಲಗಳಿಗೆ ಸಂಬಂಧಿಸಿದ್ದು; ಗೃಹಸಾಲ ಅದರಲ್ಲಿ ಬರುತ್ತದೆ. ಹೋಟೆಲಿಗೆಂದು ಮನೆ ಅಡವಿಟ್ಟು ತೆಗೆದ ವ್ಯಾಪಾರದ ಸಾಲಕ್ಕೂ ದಿನಕ್ಕೆ 5,000 ರೂ. ಸಿಗುತ್ತದೆಂದು ನಂಬಿ ಕೂರುವುದು ಸರಿಯಲ್ಲ. ಪತಪೇಢಿಗಳೂ ಈ ಸುತ್ತೋಲೆಯ ಹೊರಗಿವೆ. ಅಲ್ಲಿ ಸಾಲ ಮಾಡಿದವರಿಗೆ ಆಸರೆ ಹಳೆಯ 60ನೇ ಕಲಮೇ.

ಇನ್ನೊಂದು ತೊಡಕು ಇಲ್ಲಿನ ಸಮಾಜಕ್ಕೆ ಚಿರಪರಿಚಿತ. ಭಾವನಿಗೋ ಊರಿನವರಿಗೋ ಜಾಮೀನು ನಿಲ್ಲುವುದು ಹೋಟೆಲ್ ಉದ್ಯಮದಲ್ಲಿ ಸಾಮಾನ್ಯ. ಆ ಸಾಲ ಬಾಕಿ ಬಿದ್ದಾಗ, ಜಾಮೀನುದಾರನ ಮನೆ ಸಾಲ ತೀರಿದ್ದರೂ ಪತ್ರ ಕೊಡಲು ಬ್ಯಾಂಕ್ ಹಿಂಜರಿಯುತ್ತದೆ. 1872ರ ಕರಾರು ಕಾಯ್ದೆಯ 171ನೇ ಕಲಮು ಬ್ಯಾಂಕಿಗೆ ಗ್ರಾಹಕನ ಒತ್ತೆಯ ವಸ್ತುವನ್ನು ಹಿಡಿದಿಡುವ ಅಧಿಕಾರ ಕೊಡುತ್ತದೆಂಬುದು ಅದರ ವಾದ. ಸಿಂಡಿಕೇಟ್ ಬ್ಯಾಂಕಿನ ಪ್ರಕರಣದಲ್ಲಿ 1992ರಲ್ಲಿ ಸುಪ್ರೀಂ ಕೋರ್ಟ್ ಈ ಅಧಿಕಾರವನ್ನು ಎತ್ತಿ ಹಿಡಿದದ್ದು ನಿಜ, ಆದರೆ ಅಲ್ಲಿದ್ದದ್ದು ಠೇವಣಿ ರಸೀದಿಗಳು. ಒಂದು ಸಾಲಕ್ಕೆಂದೇ ಇಟ್ಟ ಮನೆ ಪತ್ರಕ್ಕೆ ಅದೇ ಮಾತು ಸಲ್ಲುವುದೇ ಎಂಬುದು ವಾದಕ್ಕೆ ಆಸ್ಪದವಿರುವ ಪ್ರಶ್ನೆ. ಜಾಮೀನು ಪತ್ರದ ಸಣ್ಣಕ್ಷರಗಳಲ್ಲಿ ಏನಿತ್ತು ಎಂಬುದರ ಮೇಲೆ ಬಹಳಷ್ಟು ನಿಂತಿರುತ್ತದೆ. ಓದದೆ ಸಹಿ ಹಾಕಿದವರೇ ಹೆಚ್ಚು!

ಬ್ಯಾಂಕುಗಳ ವಿಲೀನವೂ ಗೊಂದಲ ತಂದಿದೆ. ಕರಾವಳಿಯವರು ತಮ್ಮದೆಂದೇ ತಿಳಿದಿದ್ದ ವಿಜಯಾ ಬ್ಯಾಂಕ್ 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾದಲ್ಲಿ ಸೇರಿತು. ಮರುವರ್ಷ ಅದೇ ದಿನ ಸಿಂಡಿಕೇಟ್ ಬ್ಯಾಂಕ್ ಕೆನರಾದಲ್ಲಿ, ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನಲ್ಲಿ ವಿಲೀನವಾದವು. ರಸೀದಿಯಲ್ಲಿರುವ ಹೆಸರು ಇಂದು ಯಾವ ಬೋರ್ಡಿನಲ್ಲೂ ಇಲ್ಲ. ಹೊಣೆ ಮಾತ್ರ ಹೊಸ ಬ್ಯಾಂಕಿಗೆ ಬಂದಿದೆ. ತಮ್ಮ ಕಡತ ಈಗ ಯಾವ ಶಾಖೆಯಲ್ಲಿ ಅಥವಾ ಯಾವ ಉಗ್ರಾಣದಲ್ಲಿದೆ ಎಂದು ಸಾಲ ತೀರುವ ಕೆಲವು ತಿಂಗಳ ಮೊದಲೇ ಬರಹದಲ್ಲಿ ವಿಚಾರಿಸುವುದು ಒಳ್ಳೆಯದು.

ಪತ್ರ ಕಳೆದರೆ ಏನಾಗುತ್ತದೆ ಎಂಬುದಕ್ಕೆ ಬೆಂಗಳೂರಿನ ಒಂದು ಪ್ರಕರಣ ಸಾಕ್ಷಿ. 2016ರಲ್ಲಿ ಐಸಿಐಸಿಐ ಬ್ಯಾಂಕಿನಿಂದ ಗೃಹಸಾಲ ಪಡೆದ ಗ್ರಾಹಕರೊಬ್ಬರ ಮೂಲ ಪತ್ರಗಳು ಹೈದರಾಬಾದಿನ ಉಗ್ರಾಣಕ್ಕೆ ಹೋಗುವ ದಾರಿಯಲ್ಲಿ ಕೊರಿಯರಿನಲ್ಲಿ ಕಳೆದವು. ಓಂಬುಡ್ಸ್‌ಮನ್ ಕೊಡಿಸಿದ್ದು 25,000 ರೂ. ಅವರು ಅಷ್ಟಕ್ಕೆ ಬಿಡದೆ ರಾಷ್ಟ್ರೀಯ ಗ್ರಾಹಕ ಆಯೋಗಕ್ಕೆ ಹೋದರು. ಕೊರಿಯರ್ ಕಂಪೆನಿಯತ್ತ ಬೆರಳು ತೋರಿಸಿ ಬ್ಯಾಂಕ್ ಜಾರಿಕೊಳ್ಳುವಂತಿಲ್ಲ ಎಂದ ಆಯೋಗ 2023ರಲ್ಲಿ 25 ಲಕ್ಷ ರೂ. ಪರಿಹಾರ ವಿಧಿಸಿತು. ಸಾಲ ತೀರುವ ಮುಂಚಿನ ವಿವಾದವಾದರೂ ಪತ್ರದ ಬೆಲೆ ಏನೆಂಬುದು ಇದರಿಂದ ಸ್ಪಷ್ಟ. ಗ್ರಾಹಕ ಆಯೋಗಕ್ಕೆ ಹೋಗಲು ಸಾಮಾನ್ಯವಾಗಿ ಎರಡು ವರ್ಷಗಳ ಮಿತಿಯಿದೆ ಎಂಬುದೂ ನೆನಪಿರಲಿ. ಬ್ಯಾಂಕಿಗೆ ಬಾಯಿಮಾತಿನಲ್ಲಿ ಕೇಳುತ್ತ ಅಲೆದಾಡಿದ ದಿನಗಳಿಗೆ ಪುರಾವೆ ಇರುವುದಿಲ್ಲ. ತಾರೀಖು, ಮೊಹರು ಇರುವ ಒಂದು ಅರ್ಜಿ ಹತ್ತು ಭೇಟಿಗಿಂತ ಮೇಲು.

ಪತ್ರ ಕೈಗೆ ಬಂದಾಗ ಲಕೋಟೆಯನ್ನು ಹಾಗೆಯೇ ಗೋದ್ರೇಜ್ ಕಪಾಟಿಗೆ ಸೇರಿಸುವವರಿದ್ದಾರೆ. ಒಪ್ಪಿಸಿದಾಗ ಪಡೆದ ಪಟ್ಟಿಯೊಡನೆ ಹಾಳೆ ಹಾಳೆಯಾಗಿ ತಾಳೆ ನೋಡಿ ಆಮೇಲೆ ಸಹಿ ಮಾಡಬೇಕು. ಅಡಮಾನಗಳನ್ನು ದಾಖಲಿಸಲು 2011ರಲ್ಲಿ ಆರಂಭವಾದ ಕೇಂದ್ರ ನೋಂದಣಿ 'ಸರ್ಸಾಯಿ'ಯಲ್ಲಿ ಮನೆಯ ಮೇಲಿನ ಭಾರ ಇಳಿದಿದೆಯೇ ಎಂದು ನೋಡಬೇಕು. ಅಡಮಾನ ಪತ್ರವೇ ನೋಂದಣಿಯಾಗಿದ್ದರೆ ಬಿಡುಗಡೆಯೂ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿಯಾಗಬೇಕು. ಕೊನೆಗೆ ಬ್ಯಾಂಕಿನ ಬೇಬಾಕಿ ಪತ್ರವನ್ನು ಸೊಸೈಟಿಗೆ ಕೊಟ್ಟು ಅಲ್ಲಿಯ ಪುಸ್ತಕದಲ್ಲಿರುವ ಬ್ಯಾಂಕಿನ ಹೆಸರನ್ನು ತೆಗೆಸಬೇಕು. ಇದೊಂದನ್ನು ಮರೆತವರೇ ಜಾಸ್ತಿ.

ಸಾಲಗಾರ ತೀರಿಕೊಂಡಿದ್ದರೆ ಕಷ್ಟ ಇಮ್ಮಡಿ. ವಾರಸುದಾರರಿಗೆ ಪತ್ರ ಮರಳಿಸುವ ಕ್ರಮವನ್ನು ಬ್ಯಾಂಕುಗಳು ತಮ್ಮ ವೆಬ್‌ಸೈಟಿನಲ್ಲಿ ಪ್ರಕಟಿಸಬೇಕೆಂದು ಅದೇ ಸುತ್ತೋಲೆ ಹೇಳಿದೆ. ಆದರೆ ಊರಿನಲ್ಲಿ ನೆಲೆಸಿರುವ ವಯಸ್ಸಾದ ತಾಯಿಗೆ ವೆಬ್‌ಸೈಟ್ ನೋಡಿ ಅರ್ಜಿ ಹಾಕೆನ್ನುವುದು ಹೇಗೆ? ಥಾಣೆ, ಡೊಂಬಿವಲಿ, ಕಲ್ಯಾಣ್, ನವಿಮುಂಬಯಿಯ ಕನ್ನಡ ಸಂಘಗಳು ವಿದ್ಯಾರ್ಥಿವೇತನ, ವೈದ್ಯಕೀಯ ಶಿಬಿರಗಳನ್ನು ಶ್ರದ್ಧೆಯಿಂದ ನಡೆಸುತ್ತ ಬಂದಿವೆ. ಸದಸ್ಯರಲ್ಲಿ ವಕೀಲರಿದ್ದಾರೆ, ಕರಾವಳಿಯ ಬ್ಯಾಂಕುಗಳಿಂದ ನಿವೃತ್ತರಾದ ಅಧಿಕಾರಿಗಳಿದ್ದಾರೆ. ತಿಂಗಳಿಗೊಂದು ಭಾನುವಾರ ಸಂಘದ ಕಚೇರಿಯಲ್ಲಿ ಇವರು ಎರಡು ಗಂಟೆ ಕುಳಿತು ಸದಸ್ಯರ ಕಡತ ನೋಡಿ, ಅರ್ಜಿ ಬರೆದುಕೊಟ್ಟರೆ ಸಭಾಂಗಣದ ಬಾಡಿಗೆಯ ಖರ್ಚೂ ಇಲ್ಲ.