ಹೆಸರು ಕೇಳಿ ಬರೆಯಿರಿ

ಕರ್ನಾಟಕದ ಮೊದಲ ಚೆಸ್ ಗ್ರ್ಯಾಂಡ್‌ಮಾಸ್ಟರ್ ನಮ್ಮ ಮೈಸೂರಿನವರು, ಎಂ.ಎಸ್. ತೇಜ್‌ಕುಮಾರ್. 2017ರಲ್ಲಿ ಆ ಪಟ್ಟ ಬಂತು. ಅವರ ಹೆಸರನ್ನು ಇಂಗ್ಲಿಷಿನಲ್ಲಿ ಹುಡುಕಿ ನೋಡಿ. ಒಂದು ಕಡೆ ‘ಟಿ’ ಆದ ಮೇಲೆ ‘ಎಚ್’ ಇದೆ, ಇನ್ನೊಂದು ಕಡೆ ಇಲ್ಲ. ಒಂದು ಕಡೆ ತೇಜ್ ಬೇರೆ, ಕುಮಾರ್ ಬೇರೆ. ಮತ್ತೊಂದು ಕಡೆ ಎರಡೂ ಕೂಡಿಕೊಂಡಿವೆ. ಇದರಿಂದ ಅವರಿಗೆ ದೊಡ್ಡ ನಷ್ಟವೇನೂ ಇರಲಿಕ್ಕಿಲ್ಲ. ಅಂತರರಾಷ್ಟ್ರೀಯ ಚೆಸ್ ಸಂಸ್ಥೆ ಫಿಡೆ ಪ್ರತಿ ಆಟಗಾರರಿಗೂ ಒಂದು ಗುರುತಿನ ಸಂಖ್ಯೆ ಕೊಡುತ್ತದೆ. ಹೆಸರು ಹೇಗೇ ಬರೆದರೂ ರೇಟಿಂಗ್ ಅವರ ಲೆಕ್ಕಕ್ಕೇ ಸೇರುತ್ತದೆ.

ಆದರೆ ಮೈಸೂರಿನ ನಮ್ಮ ಹೆಬ್ಬಾಳದ ಶಾಲೆಯಿಂದ ವಲಯ ಮಟ್ಟಕ್ಕೆ ಓಡಲು ಹೋಗುವ ಹುಡುಗಿಗೆ ಅಂಥ ಸಂಖ್ಯೆ ಎಲ್ಲಿದೆ? ಕ್ರೀಡಾಕೂಟದ ಕಾಗದಗಳಲ್ಲಿ ಅವಳ ಗುರುತೆಂದರೆ ಅವಳ ಹೆಸರು, ಅಷ್ಟೇ. ಲಕ್ಷ್ಮಿ ಎಂದಿಟ್ಟುಕೊಳ್ಳಿ. ಶಾಲೆಯ ದಾಖಲಾತಿ ಪುಸ್ತಕದಲ್ಲಿ ಒಂದು ಸ್ಪೆಲ್ಲಿಂಗ್, ಆಧಾರ್‌ನಲ್ಲಿ ‘ಎಕ್ಸ್’ ಹಾಕಿದ ಇನ್ನೊಂದು, ತಾಲ್ಲೂಕು ಕ್ರೀಡಾಕೂಟದ ಸರ್ಟಿಫಿಕೇಟಿನಲ್ಲಿ ಡಿಟಿಪಿ ಅಂಗಡಿಯವರಿಗೆ ತೋಚಿದ ಮೂರನೆಯದು. ಓಡಿದ ದಿನ ಯಾರಿಗೂ ಇದು ಕಾಣುವುದಿಲ್ಲ, ಫೋಟೊ ತೆಗೆಸಿಕೊಳ್ಳುವ ಸಂಭ್ರಮ. ಐದಾರು ವರ್ಷ ಕಳೆದು ಕ್ರೀಡಾ ಕೋಟಾದಲ್ಲಿ ಸೀಟೋ ಕೆಲಸವೋ ಕೇಳಲು ಹೋದಾಗ ಮೇಜಿನ ಆಚೆ ಕೂತವರು ಕೇಳುತ್ತಾರೆ: ‘ಇವೆಲ್ಲ ನಿಂದೇ ಅಂತ ಏನಮ್ಮ ಗ್ಯಾರಂಟಿ?’ ಅಲ್ಲಿಂದ ನೋಟರಿ, ಅಫಿಡವಿಟ್, ಮತ್ತೆ ಶಾಲೆಗೆ ಅಲೆದಾಟ. ಜೊತೆಗೆ ಓಡಾಡುವ ಅಪ್ಪನಿಗೆ ಫ್ಯಾಕ್ಟರಿಯಲ್ಲಿ ಆ ದಿನದ ಸಂಬಳ ಕಟ್. ಆಟದ ಮೈದಾನದಲ್ಲಿ ಗೆದ್ದದ್ದನ್ನು ಅವಳು ಕಾಗದದ ಮೇಲೆ ಇನ್ನೊಮ್ಮೆ ಗೆಲ್ಲಬೇಕು. ಇದು ಅನ್ಯಾಯ. ಕಣ್ತಪ್ಪು ಎಂದು ತೇಲಿಸಿಬಿಡುವ ವಿಷಯವಲ್ಲ.

ಹೆಬ್ಬಾಳದ ಈ ಕೈಗಾರಿಕಾ ಪ್ರದೇಶದಲ್ಲಿ ನಿಂತು ಈ ಮಾತು ಹೇಳುವುದಕ್ಕೆ ಕಾರಣವಿದೆ. ಇಲ್ಲಿ ಉತ್ತರ ಕರ್ನಾಟಕದವರ ಮಕ್ಕಳಿದ್ದಾರೆ, ಹಿಂದಿ ಮಾತಾಡುವ ಮನೆಗಳ ಮಕ್ಕಳಿದ್ದಾರೆ. ನಾವು ‘ತ’ಕ್ಕೆ ‘ಟಿಎಚ್’ ಬರೆಯುತ್ತೇವೆ. ಉತ್ತರ ಭಾರತದವರು ಅದನ್ನೇ ‘ಥ’ ಎಂದು ಓದುತ್ತಾರೆ. ಒಂದು ಹೆಸರು ಮನೆಯ ಬಾಯಿಂದ ಇಂಗ್ಲಿಷಿಗೆ ಹೋಗಿ, ಅಲ್ಲಿಂದ ಕನ್ನಡಕ್ಕೆ ಬರುವಷ್ಟರಲ್ಲಿ ಹೆತ್ತವರಿಗೇ ಗುರುತು ಸಿಗುವುದಿಲ್ಲ.

ದೊಡ್ಡವರಾದ ಮೇಲೆ ಎಲ್ಲ ಸರಿಹೋಗುತ್ತದೆ ಎನ್ನುತ್ತೀರಾ? ರಾಹುಲ್ ದ್ರಾವಿಡ್ ಶಾಲಾ ಕ್ರಿಕೆಟ್‌ನಲ್ಲಿ ಶತಕ ಹೊಡೆದಾಗ ಪತ್ರಿಕೆಯೊಂದು ‘ಡೇವಿಡ್’ ಎಂದು ಅಚ್ಚು ಹಾಕಿತ್ತು. ಅದನ್ನು ಅವರು 2022ರಲ್ಲಿ, ಅಭಿನವ್ ಬಿಂದ್ರಾ ಜೊತೆಗಿನ ಮಾತುಕತೆಯಲ್ಲಿ ನೆನೆಸಿಕೊಂಡರು. ಟೆಸ್ಟ್‌ನಲ್ಲಿ 13 ಸಾವಿರ ರನ್ ದಾಟಿದ ಮನುಷ್ಯ, ಆ ಒಂದು ಸಾಲನ್ನು ಮರೆತಿರಲಿಲ್ಲ.

ನಮ್ಮ ಕಡೆಯ ಹೆಸರುಗಳಿಗೆ ಇನ್ನೊಂದು ಗ್ರಹಚಾರವಿದೆ, ಇನಿಷಿಯಲ್. ನಮ್ಮಲ್ಲಿ ಬಹಳ ಜನರಿಗೆ ಅಡ್ಡಹೆಸರೇ ಇಲ್ಲ. ಊರು, ಅಪ್ಪ, ಆಮೇಲೆ ನಾವು. ಹೊರಗಿನ ಫಾರಂಗಳಿಗೆ ಇದು ಅರ್ಥವಾಗುವುದಿಲ್ಲ. 2012ರ ಲಂಡನ್ ಪ್ಯಾರಾಲಿಂಪಿಕ್ಸ್‌ನಲ್ಲಿ ಎತ್ತರ ಜಿಗಿತದ ಬೆಳ್ಳಿ ಗೆದ್ದ ಎಚ್.ಎನ್. ಗಿರೀಶ ಹೊರಗಿನ ಪಟ್ಟಿಗಳಲ್ಲಿ ‘ಗಿರೀಶ ಹೊಸನಗರ ನಾಗರಾಜೇಗೌಡ’ ಆಗಿಬಿಡುತ್ತಾರೆ. ಟೋಕಿಯೊ, ಪ್ಯಾರಿಸ್ ಪ್ಯಾರಾಲಿಂಪಿಕ್ಸ್ ಎರಡರಲ್ಲೂ ಬ್ಯಾಡ್ಮಿಂಟನ್ ಬೆಳ್ಳಿ ತಂದ ಸುಹಾಸ್ ಯತಿರಾಜ್ ಅವರ ಲಾಳನಕೆರೆ ಇಂಗ್ಲಿಷಿಗೆ ಹೋಗಿ ‘ಲಾಲಿನಕೆರೆ’ ಎಂದು ಓದಿಸಿಕೊಳ್ಳುತ್ತದೆ. ನಮ್ಮೂರಿನ ಕ್ರಿಕೆಟಿಗ ಶ್ರೀನಾಥ್ ಅವರ ಜಾವಗಲ್ ಹಿಂದಿಯಲ್ಲಿ ‘ಜವಾಗಲ್’.

ಆದರೆ ಹೊರಗಿನವರನ್ನು ಬೈದು ನಾವು ಕೈತೊಳೆದುಕೊಳ್ಳುವಂತಿಲ್ಲ. 2010ರ ಗುವಾಂಗ್‌ಜೌ ಏಷ್ಯನ್ ಕ್ರೀಡಾಕೂಟದಲ್ಲಿ ಎರಡು ಚಿನ್ನ ಗೆದ್ದ ಕುಂದಾಪುರ ಕಡೆಯ ಅಶ್ವಿನಿ ಕನ್ನಡ ಪತ್ರಿಕೆಗಳಲ್ಲೇ ಒಮ್ಮೆ ಅಕ್ಕುಂಜೆ, ಒಮ್ಮೆ ಅಕ್ಕುಂಜಿ. ಪಕ್ಕದ ಚೆನ್ನೈನ ಚೆಸ್ ಹುಡುಗ ಪ್ರಜ್ಞಾನಂದ. ‘ಜ್ಞ’ ಬರೆಯುವ ಅಕ್ಷರ ನಮ್ಮಲ್ಲೇ ಇದ್ದರೂ ಇಂಗ್ಲಿಷ್ ನೋಡಿಕೊಂಡು ‘ಪ್ರಗ್ನಾನಂದ’ ಎಂದು ಬರೆದೆವು. ಉಂಡ ಮನೆಯ ಯಜಮಾನನ ಹೆಸರನ್ನು ಬೀದಿಯಲ್ಲಿ ಹೋಗುವವನನ್ನು ಕೇಳಿ ತಿಳಿದುಕೊಂಡ ಹಾಗಾಯಿತು. ಸರ್ಬಿಯಾದ ಟೆನಿಸ್ ಆಟಗಾರನನ್ನು ಜೊಕೊವಿಚ್ ಎನ್ನಬೇಕೋ ಜೊಕೊವಿಕ್ ಎನ್ನಬೇಕೋ ಎಂಬುದಕ್ಕೆ ತುಸು ರಿಯಾಯಿತಿ ಕೊಡೋಣ. ಅಕ್ಕುಂಜೆಗೆ ಕೊಡಲಾಗದು. ಒಂದು ಫೋನ್ ಕರೆಯಲ್ಲಿ ಮುಗಿಯುವ ಕೆಲಸ ಅದು.

ಪಿ.ಟಿ. ಮೇಷ್ಟ್ರೇ, ನಿಮ್ಮಿಂದಲೇ ಇದು ಆಗಬೇಕು. ಪಟ್ಟಿ ಕಳಿಸುವ ಮುಂಚೆ ಪ್ರತಿ ಮಗುವಿನ ಕೈಯಲ್ಲೇ ಅದರ ಹೆಸರನ್ನು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆಸಿ. ದಾಖಲಾತಿ ಪುಸ್ತಕದ ಜೊತೆ ತಾಳೆ ನೋಡಿ. ಅಪ್ಪಂದಿರೇ, ಅಮ್ಮಂದಿರೇ, ಸರ್ಟಿಫಿಕೇಟನ್ನು ಫ್ರೇಮ್ ಹಾಕಿಸುವ ಮುನ್ನ ಓದಿ. ತಪ್ಪಿದ್ದರೆ ಅವತ್ತೇ ವಾಪಸು ಕೊಡಿ, ಸಂಕೋಚ ಬೇಡ. ಟೂರ್ನಿ ನಡೆಸುವ ಹೆಬ್ಬಾಳದ ಯುವಕರೇ, ಬ್ಯಾನರಿನಲ್ಲಿ ರಾಜಕಾರಣಿಯ ಹೆಸರಿಗೆ ಒಂದು ಒತ್ತು ತಪ್ಪಿದರೆ ರಾತ್ರೋರಾತ್ರಿ ಮರುಮುದ್ರಣ ಮಾಡಿಸುತ್ತೀರಲ್ಲ, ಆ ಭಯಭಕ್ತಿಯಲ್ಲಿ ಅರ್ಧದಷ್ಟನ್ನು ಆಟಗಾರರ ಪಟ್ಟಿಗೆ ತೋರಿಸಿ. ಕ್ರೀಡಾ ಪುಟದ ಗೆಳೆಯರೇ, ಒಂದು ಹೆಸರನ್ನು ಒಮ್ಮೆ ವಿಚಾರಿಸಿ ಗೊತ್ತುಮಾಡಿಕೊಂಡ ಮೇಲೆ ಡೆಸ್ಕಿನ ಎಲ್ಲರ ಕಣ್ಣಿಗೂ ಬೀಳುವ ಕಡೆ ಬರೆದಿಡಿ.

ದಸರಾ ಕ್ರೀಡಾಕೂಟದ ಪಟ್ಟಿಗಳಲ್ಲೂ ಕನ್ನಡದ ಹೆಸರಿಗೊಂದು ಕಾಲಂ, ಇಂಗ್ಲಿಷಿನದಕ್ಕೊಂದು ಕಾಲಂ, ಪಕ್ಕದಲ್ಲಿ ಆಟಗಾರರ ಸಹಿ ಇರಲಿ. ಸಹಿ ಬೀಳದ ಹೊರತು ಯಾವ ಸರ್ಟಿಫಿಕೇಟೂ ಪ್ರಿಂಟಿಗೆ ಹೋಗದಿರಲಿ.